ಡಿಜೆ ಹಿಂದೆ ಕುಣಿದು ಏಳು ವಾರವಾಯಿತು, ಕಿವಿಯ ಕುಂಯ್ ಸದ್ದು ಇನ್ನೂ ನಿಂತಿಲ್ಲ. ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 29 ವರ್ಷ, ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ಏಳು ವಾರದ ಹಿಂದೆ ನಮ್ಮ ಬೀದಿಯ ಗಣಪತಿ ಬಿಡುವ ಮೆರವಣಿಗೆಯಲ್ಲಿ ಡಿಜೆ ಟ್ರ್ಯಾಕ್ಟರ್ ಹಿಂದೆಯೇ ಸುಮಾರು ಮೂರು ಗಂಟೆ ಕುಣಿದೆ. ಮನೆಗೆ ಬಂದಾಗ ಎರಡೂ ಕಿವಿಗೆ ಹತ್ತಿ ತುರುಕಿದ ಹಾಗಿತ್ತು. ಎರಡು ದಿನದಲ್ಲಿ ಕೇಳಿಸುವುದು ಸರಿಹೋಯಿತು. ಕುಂಯ್ ಎನ್ನುವ ಸದ್ದು ಮಾತ್ರ ನಿಂತಿಲ್ಲ. ಇಎನ್‌ಟಿ ಡಾಕ್ಟರು ನೋಡಿ ಕಿವಿ ತಮಟೆ ಚೆನ್ನಾಗಿದೆ ಅಂದರು, ಒಂದು ತಿಂಗಳಿಗೆ ಮಾತ್ರೆ ಬರೆದರು, 'ಇದರ ಜೊತೆ ಬದುಕೋದು ಕಲೀಬೇಕು' ಅಂದರು. ಮಾತ್ರೆ ಮುಗಿಯಿತು, ಸದ್ದು ಹಾಗೇ ಇದೆ. ಪಾಠ ಮಾಡುವಾಗ ಅಷ್ಟಾಗಿ ಗೊತ್ತಾಗುವುದಿಲ್ಲ. ರಾತ್ರಿ ಮಲಗಿದರೆ ತಲೆ ತುಂಬಾ ಅದೇ. ಎರಡು ಗಂಟೆಯಾದರೂ ನಿದ್ದೆ ಇಲ್ಲ. ಮನೆಯಲ್ಲಿ ಭ್ರಮೆ ಅಂತಾರೆ. ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟುಕೋ ಅಂತಾರೆ. ಇದು ಜೀವನಪೂರ್ತಿ ಇರುತ್ತಾ? ಕಿವುಡಾಗ್ತೀನಾ? ಫೆಬ್ರವರಿಯಲ್ಲಿ ತಂಗಿ ಮದುವೆ. ಓಲಗ, ಆರ್ಕೆಸ್ಟ್ರಾ ಎಲ್ಲ ಇದೆ. ಹೋಗಲಾ ಬೇಡವಾ ಅಂತ ಕೂಡ ಯೋಚನೆಯಾಗಿದೆ.

ಉತ್ತರ: ನಮಸ್ಕಾರ ಮೇಷ್ಟ್ರೇ. ತಂಗಿ ಮದುವೆಗೆ ಖಂಡಿತ ಹೋಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಗೆ ಹೋಗಬೇಕು, ಎಲ್ಲಿ ಕೂರಬೇಕು ಎನ್ನುವುದನ್ನು ಕೊನೆಯಲ್ಲಿ ಬರೆದಿದ್ದೇನೆ.

ಇನ್ನು ಕಿವುಡಾಗುವ ಭಯ. ನಿಮ್ಮ ಈ ಕುಂಯ್ ಸದ್ದಿಗೆ ಕಿವಿ ಮೊರೆತ ಅನ್ನುತ್ತೇವೆ, ಇಂಗ್ಲಿಷಿನಲ್ಲಿ ಟಿನಿಟಸ್. ಈ ಸದ್ದಿನಿಂದ ಯಾರೂ ಕಿವುಡಾಗುವುದಿಲ್ಲ. ಆ ದಿನ ನಿಮ್ಮ ಕಿವಿಗೆ ಪೆಟ್ಟು ಬಿದ್ದಿದೆ, ಈ ಸದ್ದು ಆ ಪೆಟ್ಟಿನ ಗುರುತು. ಅದು ದಿನಾ ಕಿವಿಯನ್ನು ತಿನ್ನುತ್ತಾ ಹೋಗುವುದಿಲ್ಲ. ಮತ್ತೆ ಮತ್ತೆ ಜೋರು ಸದ್ದಿನ ಮುಂದೆ ನಿಂತರೆ ಕಿವಿ ಇನ್ನೂ ಹಾಳಾಗುತ್ತದೆ. ಅದು ನಿಮ್ಮ ಕೈಯಲ್ಲೇ ಇದೆ.

ಜೀವನಪೂರ್ತಿ ಇರುತ್ತಾ ಎನ್ನುವ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರ ಕೊಡಬೇಕು. ನಾನು ಆಡಿಯಾಲಜಿಸ್ಟ್. ಮಾತ್ರೆ ಬರೆಯುವವಳಲ್ಲ. ಕಿವಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆಯುವುದು, ಕೇಳಿಸದವರಿಗೆ ದಾರಿ ಮಾಡಿಕೊಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದೇ ಮಾಡುತ್ತಿದ್ದೇನೆ. ಪ್ರತಿ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ, ಮತ್ತೆ ದೀಪಾವಳಿ ಮುಗಿದ ಮೇಲೆ, ನಿಮ್ಮ ಹಾಗೆ ಹೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಹೆಚ್ಚಿನವರು ಇಪ್ಪತ್ತು, ಮೂವತ್ತರ ಹುಡುಗರು.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟ ಸಾಲು ಒಂದಿದೆ. 'ಪಾಠ ಮಾಡುವಾಗ ಅಷ್ಟಾಗಿ ಗೊತ್ತಾಗುವುದಿಲ್ಲ' ಅಂತ ಬರೆದಿದ್ದೀರಿ. ಅದನ್ನು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. ನನಗೆ ಮಾತ್ರ ಅದೇ ಮುಖ್ಯ. ನೀವು ಪಾಠ ಮಾಡುವಾಗ ಸದ್ದು ಎಲ್ಲೂ ಹೋಗಿರುವುದಿಲ್ಲ. ಕಿವಿ ಅದೇ, ಸದ್ದು ಅದೇ. ಆದರೆ ನಿಮ್ಮ ಮಿದುಳಿಗೆ ಆಗ ಬೇರೆ ಕೆಲಸ ಇರುತ್ತದೆ, ಹಾಗಾಗಿ ಅದನ್ನು ಪಕ್ಕಕ್ಕೆ ಸರಿಸಿಬಿಡುತ್ತದೆ. ದಿನಕ್ಕೆ ಐದಾರು ಗಂಟೆ ಯಾವ ಔಷಧಿಯೂ ಇಲ್ಲದೆ ನಿಮ್ಮ ಮಿದುಳು ಈ ಕೆಲಸ ಮಾಡುತ್ತಿದೆ. ಚಿಕಿತ್ಸೆ ಎಂದು ನಾವು ಮಾಡುವುದೆಲ್ಲ ಇದನ್ನೇ ರಾತ್ರಿಗೂ ಹಬ್ಬಿಸುವುದು.

ಆ ದಿನ ಕಿವಿಯೊಳಗೆ ಏನಾಯಿತು ಎಂದು ಹೇಳುತ್ತೇನೆ. ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಡಾಕ್ಟರು ನೋಡಿದ ತಮಟೆ ಕಿವಿಯ ಬಾಗಿಲು ಅಷ್ಟೇ. ಜೋರು ಸದ್ದಿನ ಪೆಟ್ಟು ಬೀಳುವುದು ತುಂಬಾ ಒಳಗೆ. ಅಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ, ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಒಂದು ಭಾಗ ಇದೆ. ಕಾಕ್ಲಿಯಾ ಎನ್ನುತ್ತೇವೆ. ಅದರೊಳಗೆ ಸುಮಾರು 15,000 ಕೂದಲು ಕೋಶಗಳು ಸಾಲಾಗಿ ನಿಂತಿರುತ್ತವೆ. ಸದ್ದು ಬಂದಾಗ ಅವು ಅಲುಗಾಡುತ್ತವೆ, ಆ ಅಲುಗಾಟ ನರದ ಮೂಲಕ ಮಿದುಳಿಗೆ ಹೋಗುತ್ತದೆ. ಗದ್ದೆಯ ಭತ್ತದ ಪೈರು ನೋಡಿದ್ದೀರಲ್ಲ. ಗಾಳಿಗೆ ಬಾಗಿದ್ದು ಮತ್ತೆ ಎದ್ದು ನಿಲ್ಲುತ್ತದೆ. ಬುಡ ಮುರಿದು ಮಲಗಿದ್ದು ಏಳುವುದಿಲ್ಲ. ಮೆರವಣಿಗೆಯ ರಾತ್ರಿ ನಿಮ್ಮ ಕಿವಿಯಲ್ಲಿ ಬಾಗಿದ ಪೈರು ಎರಡು ದಿನದಲ್ಲಿ ಎದ್ದಿತು. ಹತ್ತಿ ತುರುಕಿದ ಹಾಗಿದ್ದದ್ದು ಹೋಗಿದ್ದು ಅದಕ್ಕೇ. ಕೆಲವು ಮಾತ್ರ ಎದ್ದಿರಲಿಕ್ಕಿಲ್ಲ. ಮನುಷ್ಯರಲ್ಲಿ ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ.

ಇನ್ನೊಂದು ವಿಷಯವೂ ಇದೆ. ಕೋಶ ಉಳಿದು, ಅದಕ್ಕೂ ನರಕ್ಕೂ ಇರುವ ಕೊಂಡಿ ಕಳಚಿಕೊಳ್ಳಬಹುದು. 2009ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು, ಕುಜಾವಾ ಮತ್ತು ಲಿಬರ್‌ಮನ್, ಇಲಿಗಳಲ್ಲಿ ಇದನ್ನು ತೋರಿಸಿದರು. ಜೋರು ಸದ್ದು ಕೇಳಿಸಿದ ಇಲಿಗಳ ಕಿವಿ ಕೆಲವು ದಿನಗಳಲ್ಲಿ ಸರಿಹೋದ ಹಾಗೆ ಕಂಡಿತು. ಒಳಗೆ ನೋಡಿದರೆ ಕೊಂಡಿಗಳು ಹೋಗಿಯೇ ಹೋಗಿದ್ದವು. ಎಷ್ಟೋ ಜನರಿಗೆ ರಿಪೋರ್ಟ್ ನಾರ್ಮಲ್ ಬಂದರೂ ಸದ್ದು ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಈಗ ಕುಂಯ್ ಸದ್ದು ಎಲ್ಲಿಂದ ಬಂತು? ಹಳೇ ರೇಡಿಯೋ ನೆನಪಿದೆಯಾ? ಸ್ಟೇಷನ್ ಸರಿಯಾಗಿ ಸಿಗದಿದ್ದರೆ ವಾಲ್ಯೂಮ್ ಜಾಸ್ತಿ ಮಾಡುತ್ತಿದ್ದೆವು. ಆಗ ಹಾಡಿನ ಜೊತೆ ಕರಕರ ಸದ್ದೂ ಏರುತ್ತಿತ್ತು. ಮಿದುಳೂ ಹಾಗೇ ಮಾಡುತ್ತದೆ. ಕಿವಿಯ ಒಂದು ಭಾಗದಿಂದ ಬರಬೇಕಾದ ಸುದ್ದಿ ಕಡಿಮೆಯಾಯಿತು ಅಂದರೆ ಆ ಭಾಗದ ವಾಲ್ಯೂಮ್ ಏರಿಸುತ್ತದೆ. ನಿಮಗೆ ಕೇಳಿಸುತ್ತಿರುವುದು ಆ ಕರಕರ. ಅಂದರೆ ಇದು ಭ್ರಮೆಯಲ್ಲ, ಹುಚ್ಚೂ ಅಲ್ಲ. ಹೊರಗೆ ಸದ್ದಿಲ್ಲ, ಆದರೆ ನರಗಳಲ್ಲಿ ನಿಜವಾಗಿಯೂ ಚಟುವಟಿಕೆ ಇದೆ.

ಮನೆಯವರಿಗೆ ಇದನ್ನು ಓದಿ ಹೇಳಿ. ನನ್ನ ಅಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. 'ಕಿವಿಯೊಳಗೆ ಜೀರುಂಡೆ ಕೂತಿದೆ' ಅನ್ನುತ್ತಿದ್ದರು, ನಾವು ಮಕ್ಕಳು ನಗುತ್ತಿದ್ದೆವು. ನಾನು ಓದಿ ಇದೇನು ಅಂತ ತಿಳಿದುಕೊಳ್ಳುವ ಹೊತ್ತಿಗೆ ಅವರು ಅದನ್ನು ಹೇಳುವುದನ್ನೇ ಬಿಟ್ಟಿದ್ದರು. ಆ ನಗುವಿಗೆ ಈಗಲೂ ಬೇಜಾರಾಗುತ್ತದೆ. ಮನೆಯವರಿಂದ ಬೇಕಾಗಿರುವುದು ಔಷಧಿಯಲ್ಲ. 'ಹೌದು, ನಿನಗೆ ಕೇಳಿಸ್ತಿದೆ' ಅಂತ ಒಬ್ಬರು ಒಪ್ಪಿಕೊಂಡರೂ ಎಷ್ಟೋ ಹಗುರವಾಗುತ್ತದೆ.

ಸದ್ದು ಒಂದು ಭಾಗ. ಅದರಿಂದ ಆಗುವ ಹಿಂಸೆ ಬೇರೆ ಭಾಗ. ಇವೆರಡನ್ನೂ ಬಿಡಿಸಿ ನೋಡಬೇಕು.

1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬಿಬ್ಬರು ಒಂದು ಪ್ರಯೋಗ ಮಾಡಿದರು. ಕಿವಿಯ ಯಾವ ತೊಂದರೆಯೂ ಇಲ್ಲದ 80 ಜನರನ್ನು ಒಬ್ಬೊಬ್ಬರಾಗಿ ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿದರು. ಕೆಲವೇ ನಿಮಿಷಗಳಲ್ಲಿ ನೂರಕ್ಕೆ 94 ಜನ ಗುಂಯ್, ಸುಂಯ್, ಜೀ ಎನ್ನುವ ಏನೋ ಸದ್ದು ಕೇಳಿಸುತ್ತಿದೆ ಅಂದರು. ಅಂದರೆ ಈ ಕರಕರ ಹೆಚ್ಚುಕಡಿಮೆ ಎಲ್ಲರ ತಲೆಯಲ್ಲೂ ಇದೆ. ಮಿದುಳು ಅದನ್ನು ಕಸ ಅಂತ ಪಕ್ಕಕ್ಕೆ ಹಾಕುತ್ತದೆ, ಅಷ್ಟೇ. ನಿಮ್ಮದು ಅದಕ್ಕಿಂತ ಸ್ವಲ್ಪ ಜೋರಾಗಿದೆ. ಅದರ ಜೊತೆಗೆ ಭಯವೂ ಅಂಟಿಕೊಂಡಿದೆ.

ಭಯ ಅಂಟಿಕೊಂಡರೆ ಏನಾಗುತ್ತದೆ? ರಾತ್ರಿ ಲಾರಿ ಹೋದರೂ ಏಳದ ತಾಯಿ, ಮಗು ಸಣ್ಣಗೆ ಕುಂಯ್ಗುಟ್ಟಿದರೆ ಎದ್ದು ಕೂರುತ್ತಾಳೆ. ಲಾರಿಯ ಸದ್ದು ಎಷ್ಟೋ ದೊಡ್ಡದು. ಆದರೂ ಮಿದುಳು ಲೆಕ್ಕ ಹಾಕುವುದು ಸದ್ದಿನ ಗಾತ್ರವನ್ನಲ್ಲ. ಇದರಿಂದ ನನಗೇನು ಅನ್ನುವುದನ್ನು. ನಿಮ್ಮ ಮಿದುಳಿಗೆ ಈ ಕುಂಯ್ ಸದ್ದು ಈಗ ಅಳುವ ಮಗು. 'ಜೀವನಪೂರ್ತಿ ಇರುತ್ತಾ? ಕಿವುಡಾಗ್ತೀನಾ?' ಅಂತ ನೀವು ಪ್ರತಿ ರಾತ್ರಿ ಕೇಳಿಕೊಂಡಾಗೆಲ್ಲ, ಇದು ಮುಖ್ಯವಾದ ಸದ್ದು, ಕಾಯ್ತಾ ಇರು ಅಂತ ಅದಕ್ಕೆ ಹೇಳಿಕೊಟ್ಟ ಹಾಗಾಗುತ್ತದೆ. ಅದು ಕಾಯುತ್ತದೆ. ನಿದ್ದೆ ಕೆಡುತ್ತದೆ. ನಿದ್ದೆಗೆಟ್ಟ ಮರುದಿನ ಸದ್ದು ಇನ್ನೂ ಜೋರು ಅನ್ನಿಸುತ್ತದೆ.

ಒಂದು ದಿನ ನಡೆದದ್ದು ಹೇಳುತ್ತೇನೆ. ಲೇತ್ ಮಷೀನಿನಲ್ಲಿ ಕೆಲಸ ಮಾಡುವ ಒಬ್ಬರು ಬಂದಿದ್ದರು. ಐವತ್ತರ ಆಸುಪಾಸು. 'ರೈಲಿನ ಸೀಟಿ ಹೊಡೆದ ಹಾಗಿದೆ ಮೇಡಂ' ಅಂದರು. ಸದ್ದು ಬರದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಅವರ ಸದ್ದಿಗೆ ಹೊಂದುವ ಸ್ವರ ಹುಡುಕಿದೆವು. ಇನ್ನೂ ಕೀಚಲು, ಇನ್ನೂ ಕೀಚಲು ಅಂತ ಕೈ ತೋರಿಸುತ್ತಾ ಹೋಗಿ 6000 ಹರ್ಟ್ಸ್ (ಸ್ವರ ಎಷ್ಟು ಕೀಚಲು ಎನ್ನುವ ಅಳತೆ) ಹತ್ತಿರ 'ಇದೇ' ಅಂತ ಕೈ ಎತ್ತಿದರು. ಆಮೇಲೆ ಅದು ಎಷ್ಟು ಜೋರು ಎಂದು ಹೊಂದಿಸಿದೆವು. ಆ ಸ್ವರ ಅವರಿಗೆ ಕೇಳಿಸಲು ಶುರುವಾಗುವ ಮಟ್ಟಕ್ಕಿಂತ ಬರೀ 7 ಡೆಸಿಬಲ್ ಮೇಲಿತ್ತು. ಎಲೆ ಅಲುಗಾಡಿದಷ್ಟು. ಅದೇ ಸ್ವರವನ್ನು ಮತ್ತೊಮ್ಮೆ ಹಾಕಿ, ನಿಮ್ಮ ರೈಲು ಇಷ್ಟೇ ಇರೋದು ಅಂದೆ. ಹೆಡ್‌ಫೋನ್ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕೂತರು. 'ಇಷ್ಟು ಚಿಕ್ಕದಾ?' ಅಂತ ಎರಡು ಸಲ ಕೇಳಿದರು. ಅವರು ಸುಳ್ಳು ಹೇಳಿರಲಿಲ್ಲ. ಹಿಂಸೆ ರೈಲಿನಷ್ಟೇ ಇತ್ತು. ಸದ್ದು ಮಾತ್ರ ಎಲೆಯಷ್ಟಿತ್ತು. ಅಳತೆ ಮಾಡಿ ನೋಡಿದಾಗ ಹೆಚ್ಚಿನವರದ್ದು ಹೀಗೆ ಹತ್ತು ಡೆಸಿಬಲ್ ಒಳಗೇ ಬರುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸದ್ದು ಪೂರ್ತಿ ನಿಲ್ಲುತ್ತದೆ ಅಂತ ನಾನು ಮಾತು ಕೊಡಲಾರೆ. ಕೆಲವರಿಗೆ ನಿಲ್ಲುತ್ತದೆ, ಕೆಲವರಿಗೆ ಇಲ್ಲ. ಏಳು ವಾರ ಇನ್ನೂ ಆರಂಭದ ಕಾಲ. ಮೊದಲ ಆರು ತಿಂಗಳು, ಒಂದು ವರ್ಷದಲ್ಲಿ ತುಂಬಾ ಜನರಿಗೆ ಇದು ಇಳಿಯುತ್ತಾ ಹೋಗುತ್ತದೆ. ನಿಂತವರಿಗಿಂತ, ಇದ್ದರೂ ಮರೆತವರೇ ಜಾಸ್ತಿ. 2022ರಲ್ಲಿ ಬೇರೆ ಬೇರೆ ದೇಶಗಳ ಲೆಕ್ಕ ಒಟ್ಟುಮಾಡಿ ನೋಡಿದಾಗ, ದೊಡ್ಡವರಲ್ಲಿ ನೂರಕ್ಕೆ ಸುಮಾರು 14 ಜನರಿಗೆ ಕಿವಿ ಮೊರೆತ ಇತ್ತು. ಅದರಿಂದ ತೀರಾ ಒದ್ದಾಡುವವರು ನೂರಕ್ಕೆ 2 ಜನ. ನಡುವಿನ ಆ 12 ಜನ ನಿಮ್ಮ ಸುತ್ತಲೇ ಇದ್ದಾರೆ. ನಿಮ್ಮ ಸ್ಟಾಫ್ ರೂಮಿನಲ್ಲೂ ಒಬ್ಬರಿರಬಹುದು. ಹಿಟ್ಟಿನ ಗಿರಣಿ ಪಕ್ಕದ ಮನೆಯವರಿಗೆ ಗಿರಣಿ ಸದ್ದು ಹೇಗೋ, ಅವರಿಗೆ ಇದು ಹಾಗೆ.

'ಇದರ ಜೊತೆ ಬದುಕೋದು ಕಲೀಬೇಕು' ಅಂದ ನಿಮ್ಮ ಡಾಕ್ಟರು ತಪ್ಪು ಹೇಳಲಿಲ್ಲ. ಆದರೆ ಹೇಗೆ ಕಲಿಯಬೇಕು ಅಂತ ಯಾರೂ ಹೇಳಿಕೊಡದಿದ್ದರೆ ಆ ಮಾತು ಶಿಕ್ಷೆಯ ಹಾಗೆ ಕೇಳಿಸುತ್ತದೆ. ಆ 'ಹೇಗೆ' ಈಗ ಬರೆಯುತ್ತೇನೆ.

ರಾತ್ರಿಯಿಂದಲೇ ಶುರು ಮಾಡಿ. ನಿಮ್ಮ ಕೋಣೆಯಲ್ಲಿ ಪೂರ್ತಿ ನಿಶ್ಶಬ್ದ ಬೇಡ. ಕತ್ತಲೆಯಲ್ಲಿ ಒಂದು ಹಣತೆಯೂ ಕಣ್ಣಿಗೆ ಹೊಡೆಯುತ್ತದೆ, ಹಗಲಲ್ಲಿ ಅದೇ ಹಣತೆ ಕಾಣುವುದೂ ಇಲ್ಲ, ಅಲ್ವಾ? ಫ್ಯಾನ್ ಹಾಕಿಕೊಳ್ಳಿ. ಚಳಿ ಶುರುವಾಗಿ ಫ್ಯಾನ್ ಆಗುವುದಿಲ್ಲ ಅಂದರೆ ಮೊಬೈಲಿನಲ್ಲಿ ಮಳೆಯದ್ದೋ ಹೊಳೆಯದ್ದೋ ಸದ್ದು ಹಾಕಿ. ನಿಮಗೆ ಯಾವುದು ಹಿತವೋ ಅದು. ಇಯರ್‌ಫೋನ್ ಬೇಡ, ಸ್ಪೀಕರಿನಲ್ಲೇ ಬರಲಿ. ಮೊಬೈಲ್ ಕೈಗೆ ಸಿಗದಷ್ಟು ದೂರದಲ್ಲಿರಲಿ. ಇಲ್ಲದಿದ್ದರೆ ಮಳೆ ಸದ್ದು ಬಿಟ್ಟು 'ಟಿನಿಟಸ್ ವಾಸಿಯಾಗುತ್ತಾ' ಅಂತ ಹುಡುಕುತ್ತಾ ಕೂರುತ್ತೀರಿ.

ವಾಲ್ಯೂಮ್ ಬಗ್ಗೆ ಒಂದು ಗುಟ್ಟಿದೆ. ಬಹಳ ಜನ ಇಲ್ಲೇ ತಪ್ಪು ಮಾಡುತ್ತಾರೆ. ಮಳೆ ಸದ್ದು ನಿಮ್ಮ ಕುಂಯ್ ಸದ್ದನ್ನು ಪೂರ್ತಿ ಮುಚ್ಚಬಾರದು. ಅದಕ್ಕಿಂತ ಒಂಚೂರು ಕೆಳಗಿರಲಿ. ಎರಡೂ ಒಟ್ಟಿಗೆ ಕೇಳಿಸುತ್ತಿರಬೇಕು. ಪೂರ್ತಿ ಮುಚ್ಚಿದರೆ ಆ ಹೊತ್ತಿಗೆ ಹಾಯೆನಿಸುತ್ತದೆ, ಆದರೆ ಮಿದುಳಿಗೆ ಆ ಸದ್ದಿನ ಜೊತೆ ಹೊಂದಿಕೊಳ್ಳುವ ಅವಕಾಶವೇ ಸಿಗುವುದಿಲ್ಲ. ಎರಡೂ ಜೊತೆಗಿದ್ದರೆ ನಿಧಾನಕ್ಕೆ ಕುಂಯ್ ಸದ್ದು ಮಳೆಯೊಳಗೆ ಕಲಸಿಹೋಗುತ್ತದೆ. ರಾತ್ರಿಯಿಡೀ ಇದ್ದರೂ ತೊಂದರೆಯಿಲ್ಲ.

ಮಲಗಿದ ಮೇಲೆ ಕಿವಿಯನ್ನು ಹೊರಗೆ ಕಳಿಸಿ. ಮೊದಲು ಫ್ಯಾನ್. ಆಮೇಲೆ ಗೋಡೆಯ ಹಲ್ಲಿ ಲೊಚಗುಟ್ಟಿದ್ದು. ಬೀದಿ ನಾಯಿ. ದೂರದ ರಸ್ತೆಯಲ್ಲಿ ಹೋಗುವ ಬಸ್ಸು. ಕೊನೆಗೆ ನಿಮ್ಮದೇ ಉಸಿರು. ನಡುವೆ ಕುಂಯ್ ಸದ್ದು ಬಂದರೆ ಬರಲಿ, ಅದೂ ಪಟ್ಟಿಯಲ್ಲಿ ಒಂದು. ಅದರ ಜೊತೆ ಜಗಳ ಬೇಡ. ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಹೊರಳಾಡುತ್ತಾ ಇರಬೇಡಿ. ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಕೂತು ಏನಾದರೂ ಓದಿ, ಕಣ್ಣು ಎಳೆದಾಗ ಬಂದು ಮಲಗಿ. ಎಷ್ಟು ಹೊತ್ತಿಗೆ ಮಲಗಿದರೂ ಬೆಳಗ್ಗೆ ಏಳುವ ಹೊತ್ತು ಒಂದೇ ಇರಲಿ. ಭಾನುವಾರ ಕೂಡ.

ನೀವು ಬರೆದಿಲ್ಲ, ಆದರೆ ಮಾಡುತ್ತಿರುತ್ತೀರಿ ಅಂತ ನನಗೆ ಅನುಮಾನ. ಬೆಳಗ್ಗೆ ಎದ್ದ ತಕ್ಷಣ ಸದ್ದು ಇದೆಯಾ ಅಂತ ಹುಡುಕುವುದು. ಬಾತ್‌ರೂಮಿನಲ್ಲಿ ಕಿವಿಗೆ ಬೆರಳಿಟ್ಟು ಪರೀಕ್ಷೆ ಮಾಡುವುದು. ನಿನ್ನೆಗಿಂತ ಇವತ್ತು ಜಾಸ್ತಿಯಾ ಅಂತ ಲೆಕ್ಕ ಇಡುವುದು. ಬಂದವರೆಲ್ಲ ಮಾಡುತ್ತಾರೆ. ಅದನ್ನು ಬಿಡಬೇಕು. ಹುಡುಕಿದರೆ ಸಿಕ್ಕೇ ಸಿಗುತ್ತದೆ. ಕೈ ಹೋದಾಗೆಲ್ಲ 'ಈಗ ಬೇಡ' ಅಂತ ಬೇರೆ ಕೆಲಸಕ್ಕೆ ಹೊರಳಿ. ಮೊದಲ ಹತ್ತು ದಿನ ಕಷ್ಟ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಹೆದರಿ ಹೆದರಿ ದಿನವಿಡೀ ಇಯರ್‌ಪ್ಲಗ್ ಹಾಕಿಕೊಂಡು ಓಡಾಡುವವರನ್ನು ನೋಡಿದ್ದೇನೆ. ಮಿಕ್ಸಿಗೆ ಹೆದರಿಕೆ, ಪಾತ್ರೆ ಬಿದ್ದರೆ ಹೆದರಿಕೆ. ಸದ್ದೇ ಬರದಂತೆ ಮಾಡಿದರೆ ಮಿದುಳು ವಾಲ್ಯೂಮ್ ಇನ್ನಷ್ಟು ಏರಿಸುತ್ತದೆ, ಸಾಧಾರಣ ಸದ್ದೂ ಚುಚ್ಚಲು ಶುರುವಾಗುತ್ತದೆ. ತರಗತಿ, ಸಂತೆ, ಬಸ್ಸು ಇವಕ್ಕೆಲ್ಲ ಪ್ಲಗ್ ಬೇಡ.

ಈಗ ಅಜ್ಜಿಯ ಎಣ್ಣೆ. ಅಜ್ಜಿಗೆ ನನ್ನ ನಮಸ್ಕಾರ ಹೇಳಿ, ಎಣ್ಣೆಯನ್ನು ಒಗ್ಗರಣೆಗೇ ಇಡಲು ಹೇಳಿ. ಪೆಟ್ಟಾಗಿರುವ ಜಾಗಕ್ಕೆ ಎಣ್ಣೆ ತಲುಪುವುದೇ ಇಲ್ಲ, ತಮಟೆ ಅಡ್ಡ ಇದೆ. ಬಿಸಿ ಹೆಚ್ಚಾದರೆ ಕಿವಿಯೊಳಗಿನ ಚರ್ಮ ಸುಡುತ್ತದೆ. ಬಡ್ಸ್ ಹಾಕಿ ತಿರುವುವುದೂ ಬೇಡ. ಅದು ಗುಗ್ಗೆಯನ್ನು ಒಳಕ್ಕೆ ದೂಡುತ್ತದೆ, ಗುಗ್ಗೆ ಕಟ್ಟಿಕೊಂಡರೆ ಸದ್ದು ಇನ್ನೂ ಜೋರಾಗಿ ಕೇಳಿಸುತ್ತದೆ.

ಮಾತ್ರೆಗಳ ಬಗ್ಗೆಯೂ ನೇರವಾಗಿ ಹೇಳುತ್ತೇನೆ. ಕಿವಿ ಮೊರೆತವನ್ನು ನಿಲ್ಲಿಸುತ್ತದೆ ಎಂದು ಸಾಬೀತಾದ ಮಾತ್ರೆ ಇವತ್ತಿನವರೆಗೂ ಇಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಬರೆಯುವ ಬೀಟಾಹಿಸ್ಟಿನ್ ತಲೆಸುತ್ತಿನ ಔಷಧಿ. ಬರೀ ಕಿವಿ ಮೊರೆತಕ್ಕೆ ಅದರಿಂದ ಪ್ರಯೋಜನ ಕಂಡಿಲ್ಲ. ಗಿಂಕ್ಗೊ, ಜಿಂಕ್, ಮೆಲಟೋನಿನ್ ಇವನ್ನು ಕಿವಿ ಮೊರೆತಕ್ಕೆ ಕೊಡಬೇಡಿ ಎಂದು ಅಮೆರಿಕದ ಇಎನ್‌ಟಿ ವೈದ್ಯರ ಸಂಘ 2014ರ ಮಾರ್ಗಸೂಚಿಯಲ್ಲೇ ಹೇಳಿದೆ. ಇಂಟರ್‌ನೆಟ್‌ನಲ್ಲಿ 'ಏಳು ದಿನದಲ್ಲಿ ಗುಣ' ಎಂದು ಮಾರುವ ಡ್ರಾಪ್ಸಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಬೇರೆ ಕಾಯಿಲೆಗೆ ಈಗಾಗಲೇ ಮಾತ್ರೆ ತಗೊಳ್ಳುತ್ತಿದ್ದರೆ ನೀವಾಗೇ ನಿಲ್ಲಿಸಬೇಡಿ. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ 'ನನಗೆ ಕಿವಿ ಮೊರೆತ ಇದೆ' ಅಂತ ಹೇಳಿ. ಜೆಂಟಾಮೈಸಿನ್, ಅಮಿಕಾಸಿನ್ ತರಹದ ಕೆಲವು ಇಂಜೆಕ್ಷನ್‌ಗಳು ಒಳಕಿವಿಗೆ ಪೆಟ್ಟು ಕೊಡಬಲ್ಲವು. ಬೇರೆ ದಾರಿ ಇದ್ದರೆ ಅವರು ಅದನ್ನು ನೋಡುತ್ತಾರೆ. ಕಾಫಿ ಬಿಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ಸಂಜೆಯ ಮೇಲೆ ಕುಡಿಯಬೇಡಿ, ನಿದ್ದೆಗೆ ಒಳ್ಳೆಯದು, ಅಷ್ಟೇ.

ಹಾಗಾದರೆ ಯಾವುದಕ್ಕೆ ಸಾಕ್ಷಿ ಇದೆ? ಎರಡಕ್ಕೆ. ಕೇಳಿಸುವುದು ಕಡಿಮೆಯಾಗಿದ್ದರೆ ಕಿವಿ ಮಷೀನ್. ಹೊರಗಿನ ಸದ್ದು ಚೆನ್ನಾಗಿ ಒಳಗೆ ಬಂದರೆ ಮಿದುಳು ವಾಲ್ಯೂಮ್ ಇಳಿಸುತ್ತದೆ. ಆ ಲೇತ್ ಕೆಲಸದವರಿಗೆ ಅದೇ ಹಾಕಿದೆವು. ನಿಮಗೆ ಬೇಕಾಗಲಿಕ್ಕಿಲ್ಲ. ಎರಡನೆಯದು ಸಿಬಿಟಿ ಎನ್ನುವ ಮಾತಿನ ಚಿಕಿತ್ಸೆ. ಇದು ಸದ್ದನ್ನು ಇಳಿಸುವುದಿಲ್ಲ, ಹಿಂಸೆಯನ್ನು ಇಳಿಸುತ್ತದೆ. 'ನನ್ನ ಬದುಕು ಮುಗೀತು' ಅನ್ನುವ ಯೋಚನೆ ಬಂದಾಗ ಅದನ್ನು ಹಿಡಿದು, ನಿಜವಾ, ಎಷ್ಟು ನಿಜ ಅಂತ ಕೂತು ತೂಗುವುದನ್ನು ಕಲಿಸುತ್ತಾರೆ. ನೀವು ಗಣಿತದವರು, ಒಂದು ಹೇಳಿಕೆಯನ್ನು ಸಾಕ್ಷಿ ಇಟ್ಟು ಪರೀಕ್ಷಿಸುವುದು ನಿಮಗೆ ಹೊಸದಲ್ಲ. ಹತ್ತಿರದ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರನ್ನು ನೋಡಿ. ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಭ್ರಮೆ ಅಂತ ಒಪ್ಪಿಕೊಂಡ ಹಾಗೆ ಅಂದುಕೊಳ್ಳಬೇಡಿ.

ನಿಮಗೆ ಈಗ ಆಗಬೇಕಾದದ್ದು ಪೂರ್ತಿ ಶ್ರವಣ ಪರೀಕ್ಷೆ. ನಿಮ್ಮ ಪತ್ರದಲ್ಲಿ ತಮಟೆ ನೋಡಿದ್ದು ಇದೆ, ಆಡಿಯೋಗ್ರಾಮ್, ಅಂದರೆ ಆ ಪರೀಕ್ಷೆಯ ಗ್ರಾಫ್, ಅದರ ಮಾತೇ ಇಲ್ಲ. ಮಾಡಿಸಿ. ಜೋರು ಸದ್ದಿನ ಪೆಟ್ಟು ಬಿದ್ದ ಕಿವಿಯಲ್ಲಿ ಸಾಮಾನ್ಯವಾಗಿ 3000ದಿಂದ 6000 ಹರ್ಟ್ಸ್ ನಡುವೆ, ಅದರಲ್ಲೂ 4000ದ ಹತ್ತಿರ, ಗ್ರಾಫ್ ಒಂದು ಗುಂಡಿಗೆ ಇಳಿದು ಮತ್ತೆ ಮೇಲೆ ಬರುತ್ತದೆ. ಸಾಧ್ಯವಿದ್ದರೆ 8000 ಹರ್ಟ್ಸ್ ದಾಟಿದ ಪರೀಕ್ಷೆಯನ್ನೂ ಕೇಳಿ. ಮಾಮೂಲಿ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಶ್ರವಣ ವಿಭಾಗ ಇದೆ. ಅಷ್ಟು ದೂರ ಆಗದಿದ್ದರೆ ಜಿಲ್ಲಾಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ವಿಚಾರಿಸಿ. ಕಿವಿ ಮೊರೆತ ಬದುಕಿಗೆ ಎಷ್ಟು ತೊಂದರೆ ಕೊಡುತ್ತಿದೆ ಎಂದು ಅಳೆಯಲು 25 ಪ್ರಶ್ನೆಗಳ ಒಂದು ಪಟ್ಟಿ ಇದೆ, ಕನ್ನಡದಲ್ಲೂ ಇದೆ. ಅದನ್ನು ಈಗ ಒಮ್ಮೆ, ಮೂರು ತಿಂಗಳ ಮೇಲೆ ಒಮ್ಮೆ ತುಂಬಿದರೆ ನೀವು ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ.

ಕಾಯಬಾರದ ಕೆಲವು ಲಕ್ಷಣಗಳನ್ನು ನೆನಪಿಡಿ. ಒಂದು ಕಿವಿಯಲ್ಲಿ ಮಾತ್ರ ಸದ್ದು ಇದ್ದರೆ, ಸದ್ದು ನಾಡಿಯ ಜೊತೆ ಧಗ್ ಧಗ್ ಅಂತ ಬಡಿದರೆ, ತಲೆ ಸುತ್ತಿ ಬಿದ್ದರೆ, ಕಿವಿ ಸೋರಿದರೆ ಇಎನ್‌ಟಿಗೆ ಹೋಗಲೇಬೇಕು. ಮುಖ ಒಂದು ಕಡೆಗೆ ವಾಲಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ದಿಢೀರ್ ಎಂದು ಒಂದು ಕಿವಿ ಕೇಳಿಸದೆ ಹೋದರೆ ಅವತ್ತೇ ಹೋಗಿ. ಆಗ ಕೊಡುವ ಸ್ಟೆರಾಯ್ಡ್ ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು. ಇನ್ನೊಂದು ಮಾತು. ರಾತ್ರಿ ಎರಡು ಗಂಟೆಗೆ ಒಬ್ಬರೇ ಎಚ್ಚರವಿದ್ದಾಗ ಬದುಕು ಬೇಡ ಅನ್ನುವ ಯೋಚನೆ ಸುಳಿದರೂ, ಒಂದೇ ಸಲ ಸುಳಿದರೂ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎನ್ನುವ ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರನ್ನೂ ಎಬ್ಬಿಸಿ. ಸಂಕೋಚ ಬೇಡ.

ಇನ್ನು ಸದ್ದಿನ ಲೆಕ್ಕ. ಇದು ನಿಮ್ಮ ಮಕ್ಕಳಿಗೆ ಪಾಠದಲ್ಲೂ ಹೇಳಬಹುದಾದ ಲೆಕ್ಕ. 85 ಡೆಸಿಬಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಡೆಯುತ್ತದೆ ಎಂದು ಹಿಡಿದಿದ್ದಾರೆ. ಪ್ರತಿ 3 ಡೆಸಿಬಲ್ ಏರಿದರೆ ಹೊತ್ತು ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. 100ಕ್ಕೆ ಬರೀ 15 ನಿಮಿಷ. 109ಕ್ಕೆ ಎರಡು ನಿಮಿಷವೂ ಇಲ್ಲ. ಡಿಜೆ ಟ್ರ್ಯಾಕ್ಟರ್ ಬೆನ್ನಿಗೆ 110 ದಾಟುವುದು ದೊಡ್ಡ ವಿಷಯವೇ ಅಲ್ಲ. ನೀವು ಅಲ್ಲಿ ಮೂರು ಗಂಟೆ ಇದ್ದಿರಿ. ನಿಮ್ಮನ್ನು ಬೈಯುವುದಕ್ಕೆ ಹೇಳುತ್ತಿಲ್ಲ. ಹಬ್ಬದಲ್ಲಿ ಕುಣಿಯುವುದು ತಪ್ಪಲ್ಲ. ಆ ಸ್ಪೀಕರ್ ಗೋಡೆಯನ್ನು ಅಷ್ಟಕ್ಕೆ ಏರಿಸಿ ಮಕ್ಕಳ ಮುಂದೆ ನಿಲ್ಲಿಸುವುದು ತಪ್ಪು. ವರ್ಷ ವರ್ಷ ಇದನ್ನು ನೋಡಿ ನನಗೆ ಸಂಕಟವಾಗುತ್ತದೆ. ಟ್ರ್ಯಾಕ್ಟರ್ ಮೇಲೆ, ಸ್ಪೀಕರಿಗೆ ಬೆನ್ನು ಕೊಟ್ಟು ಕೂತ ಐದಾರು ವರ್ಷದ ಮಕ್ಕಳನ್ನು ಪ್ರತಿ ಸಲ ನೋಡುತ್ತೇನೆ. ಆ ಮಕ್ಕಳಿಗೆ ಕಿವಿ ಮೊರೆಯುತ್ತಿದೆ ಅಂತ ಹೇಳಲೂ ಬರುವುದಿಲ್ಲ.

ಕೊನೆಗೆ ಮದುವೆ. ಇನ್ನೂ ಮೂರು ತಿಂಗಳಿದೆ. ಈಗಲೇ ಎರಡು ಮೂರು ಜೊತೆ ಫೋಮ್ ಇಯರ್‌ಪ್ಲಗ್ ತರಿಸಿಕೊಳ್ಳಿ. ದೊಡ್ಡ ಮೆಡಿಕಲ್ ಶಾಪ್, ಸೇಫ್ಟಿ ಸಾಮಾನಿನ ಅಂಗಡಿ, ಆನ್‌ಲೈನ್ ಎಲ್ಲ ಕಡೆ ಸಿಗುತ್ತದೆ, ದುಬಾರಿಯಲ್ಲ. ಹತ್ತಿ ಪ್ರಯೋಜನವಿಲ್ಲ. ಹಾಕಿಕೊಳ್ಳುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ, ಏಕೆಂದರೆ ಹತ್ತರಲ್ಲಿ ಏಳೆಂಟು ಜನ ನನ್ನ ಮುಂದೆ ತಪ್ಪಾಗಿ ಹಾಕಿ ತೋರಿಸುತ್ತಾರೆ. ಕೈ ತೊಳೆದು, ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಊದುಬತ್ತಿ ಕಡ್ಡಿಯಷ್ಟು ತೆಳ್ಳಗೆ ಮಾಡಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಬಲಗಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಆಗ ಕಿವಿಯ ದಾರಿ ನೇರವಾಗುತ್ತದೆ. ಪ್ಲಗ್ ಒಳಗೆ ಇಟ್ಟು, ಅದು ಉಬ್ಬುವವರೆಗೆ, ಮೂವತ್ತರವರೆಗೆ ಎಣಿಸುತ್ತಾ ಬೆರಳಲ್ಲಿ ಹಿಡಿದಿರಿ. ನಿಮ್ಮ ಮಾತು ನಿಮಗೇ ಕೊಡದೊಳಗೆ ಮಾತಾಡಿದ ಹಾಗೆ ಕೇಳಿಸಿದರೆ ಸರಿಯಾಗಿ ಕೂತಿದೆ ಅಂತ ಅರ್ಥ. ಮಾತು, ಸಂಗೀತ ಸ್ಪಷ್ಟವಾಗಿ ಕೇಳಬೇಕು ಅಂದರೆ ಸಂಗೀತಗಾರರ ಪ್ಲಗ್ ಅಂತ ಬೇರೆ ಬರುತ್ತದೆ. ಅದು ಎಲ್ಲ ಸ್ವರಗಳನ್ನೂ ಸಮನಾಗಿ ತಗ್ಗಿಸುತ್ತದೆ.

ಮುಹೂರ್ತದಲ್ಲಿ ಗಟ್ಟಿಮೇಳ ಹತ್ತು ನಿಮಿಷವೂ ಇರುವುದಿಲ್ಲ, ಆದರೆ ನಾಗಸ್ವರ, ಡೋಲು ಹತ್ತಿರದಲ್ಲಿ ಭಾರೀ ಜೋರು. ಅಣ್ಣನಾದ ನೀವು ಮಂಟಪದಲ್ಲೇ ಇರಬೇಕು. ಓಲಗದವರ ಎದುರು ಬೇಡ, ಮಂಟಪದ ಇನ್ನೊಂದು ಬದಿಗೆ ನಿಲ್ಲಿ. ಆಗ ಪ್ಲಗ್ ಹಾಕಿಕೊಳ್ಳಿ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಛತ್ರದೊಳಗೆ ಅಷ್ಟು ಇಳಿಯುವುದಿಲ್ಲ, ಆದರೂ ನಾಲ್ಕು ಹೆಜ್ಜೆ ನಾಲ್ಕು ಹೆಜ್ಜೆಯೇ. ರಿಸೆಪ್ಷನ್ ದಿನ ಆರ್ಕೆಸ್ಟ್ರಾದವರ ಜೊತೆ ಮೊದಲೇ ಮಾತಾಡಿ, ಸ್ಪೀಕರ್ ಊಟದ ಹಾಲ್ ಕಡೆಗೆ ತಿರುಗಿಸಬೇಡಿ ಅನ್ನಿ. ಹಣ ಕೊಡುವವರು ನೀವೇ ಅಲ್ವಾ, ಕೇಳುತ್ತಾರೆ. ಒಂದು ತೋಳಿನಷ್ಟು ದೂರದಲ್ಲಿರುವವರ ಜೊತೆ ಮಾತಾಡಲು ಗಂಟಲು ಏರಿಸಬೇಕಾಯಿತು ಅಂದರೆ 85 ದಾಟಿತು ಅಂತ ತಿಳಿಯಿರಿ. ಆಗ ಪ್ಲಗ್ ಹಾಕಿ, ಅರ್ಧ ಗಂಟೆಗೊಮ್ಮೆ ಹೊರಗೆ ಹೋಗಿ ಬನ್ನಿ. ಅವತ್ತು ರಾತ್ರಿ, ಮರುದಿನ ಸದ್ದು ಸ್ವಲ್ಪ ಏರಿದ ಹಾಗೆ ಅನ್ನಿಸಬಹುದು. ಸುಸ್ತು, ನಿದ್ದೆಗೇಡಿಗೇ ಹಾಗಾಗುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ.

ಅದಕ್ಕೂ ಮೊದಲು ಆಡಿಯೋಗ್ರಾಮ್ ಮಾಡಿಸಿ, ಅದರ ಫೋಟೋ ನನಗೆ ಕಳಿಸಿ. ಪರೀಕ್ಷೆಯ ಹಿಂದಿನ ದಿನ ಜೋರು ಸದ್ದಿನ ಕಡೆ ಹೋಗಬೇಡಿ. 4000ದ ಹತ್ತಿರ ಆ ಗುಂಡಿ ಇದೆಯಾ, ಎಷ್ಟು ಆಳ ಇದೆ, ನೋಡಿ ಮತ್ತೆ ಬರೆಯುತ್ತೇನೆ.